ಕೈಗೆ ಬಂದ ಮುಖ

ಗೋಕಾಕದಲ್ಲಿ ಮುಖ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವವಳಿಗೆ ಜಂಬಪಡಲು ಬೇರೆ ಏನಿದೆ? ಪರೀಕ್ಷೆ ಹತ್ತಿರ ಬಂದರೆ ಸಾಕು, ನನ್ನ ಪಿರಿಯಡ್ಡುಗಳನ್ನು ಗಣಿತದವರು ನುಂಗಿಹಾಕುತ್ತಾರೆ. ಹೀಗಾಗಿ ಹುಕ್ಕೇರಿ ಪೊಲೀಸ್ ಠಾಣೆಯ ಫೌಜದಾರರೊಬ್ಬರು ನಮ್ಮ ಶಾಲೆಗೇ ಬಂದು, "ಅರ್ಚನಾ ಟೀಚರ್, ನಿಮ್ಮ ಕೈಯಿಂದ ಒಂದು ಕೆಲಸ ಆಗಬೇಕಾಗೇತ್ರಿ," ಎಂದಾಗ ನಾನು ಹಿಗ್ಗಿ ಹೀರೇಕಾಯಿಯಾದೆ.

ಹುಕ್ಕೇರಿಯಲ್ಲಿ ಭಾಗ್ಯಾ ಎಂಬ ಏಳು ವರ್ಷದ ಹುಡುಗಿಯ ರಟ್ಟೆ ಹಿಡಿದು ಯಾವನೋ ಎಳೆದಿದ್ದ. ಅವಳು ಕಿರುಚಿದಳು, ಅವನು ಓಡಿದ. ನಡೆದದ್ದು ಇಷ್ಟೇ. ಆದರೆ ಆ ವಾರ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿತ್ತು. ತಾಯಂದಿರು ಮಕ್ಕಳನ್ನು ಅಂಗಳಕ್ಕೂ ಬಿಡುತ್ತಿರಲಿಲ್ಲ. ಆ ಹುಡುಗಿ ಹೇಳಿದಂತೆ ಒಂದು ಮುಖ ಬರೆದುಕೊಡಬೇಕು, ಅದು ನನ್ನ ಕೆಲಸ.

ಹುಕ್ಕೇರಿಯ ಠಾಣೆಯಲ್ಲಿ ಭಾಗ್ಯಾ ತನ್ನ ಅವ್ವನ ತೊಡೆಯ ಮೇಲೆ ಕೂತು ಮೂರು ಮಾತು ಹೇಳಿದಳು. ದಪ್ಪ ಮೀಸೆ, ದೊಡ್ಡ ಕಣ್ಣು, ಹೆಗಲ ಮೇಲೆ ಕೆಂಪು ಟಾವೆಲ್. ಆಮೇಲೆ ನಾನು ಏನು ಕೇಳಿದರೂ ಹೂಂ. ಮೂಗು ಹಿಂಗಿತ್ತೇನವ್ವಾ? ಹೂಂ. ಗಲ್ಲ ಒಳಗ ಹೋಗಿದ್ದುವೇನು? ಹೂಂ. ಹೆದರಿದ ಮಕ್ಕಳು ಹೂಂ ಎನ್ನುವುದು ಬೇಗ ಮನೆಗೆ ಕಳಿಸಲಿ ಎಂದು. ಇಪ್ಪತ್ತು ವರ್ಷ ಮಕ್ಕಳ ಜೊತೆ ಇದ್ದ ನನಗೆ ಅದು ಗೊತ್ತಿರಬೇಕಿತ್ತು. ಆದರೆ ಪೆನ್ಸಿಲ್ ತಾನೇ ಓಡತೊಡಗಿತ್ತು, ನನಗೆ ನಿಲ್ಲಿಸುವ ಮನಸ್ಸಾಗಲಿಲ್ಲ. ಚಿತ್ರ ಮುಗಿದಾಗ ಅಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದರು. ಈಗ ಎದ್ದು ಬರುತ್ತಾನೇನೋ ಎನ್ನುವಂತಿದ್ದ. ನಾನೇ ಹಾಳೆ ಎತ್ತಿ ಹಿಡಿದೆ. ಯಾರ್ಯಾರೋ ಫೋಟೊ ಹೊಡೆದುಕೊಂಡರು.

ಮರುದಿನ ಊಟದ ಬಿಡುವಿನ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಎಲ್ಲರ ಮೊಬೈಲಿನಲ್ಲೂ ನನ್ನ ಚಿತ್ರ. ಕೆಳಗೆ, 'ಮಕ್ಕಳ ಕಳ್ಳ, ಕಂಡಲ್ಲಿ ಹಿಡಿಯಿರಿ' ಎಂದು ಬೇರೆ ಯಾರೋ ಸೇರಿಸಿದ್ದರು. ಎಲ್ಲರೂ ಹೊಗಳಿದರು. ಇಂಗ್ಲಿಷ್ ಕಲಿಸುವ ಪ್ರಭು ಸರ್ ಮಾತ್ರ ಹುಬ್ಬು ಗಂಟುಹಾಕಿ ನೋಡಿದರು.

"ಇಷ್ಟೆಲ್ಲಾ ಆ ಕೂಸು ಹೇಳಿತೇನ್ರಿ ಟೀಚರ್?"

"ಮೂರ ಮಾತು ಹೇಳಿತ್ರಿ. ಉಳಿದದ್ದು ನಾನ ಇಮ್ಯಾಜಿನ್ ಮಾಡಿದೆ."

ಆ ಶಬ್ದ ನನ್ನ ಬಾಯಿಂದ ಬಿದ್ದದ್ದೇ ತಡ, ಅವರು ರೊಟ್ಟಿ ಕೆಳಗಿಟ್ಟರು. ಯಾವ ಶಬ್ದ ಸಿಕ್ಕರೂ ಅದರ ಅಜ್ಜ ಮುತ್ತಜ್ಜನ ಮನೆ ಹುಡುಕಿಕೊಂಡು ಹೋಗದಿದ್ದರೆ ಅವರಿಗೆ ಉಂಡದ್ದು ಅರಗುವುದಿಲ್ಲ. ಲ್ಯಾಟಿನ್ನಿನಲ್ಲಿ ಇಮಾಗೊ ಎಂದರೆ ಪ್ರತಿರೂಪ; ಭೂತಕ್ಕೂ ಅದೇ ಮಾತಂತೆ. ರೋಮಿನ ದೊಡ್ಡ ಮನೆತನದವರು ಹಿರಿಯರ ಮುಖಗಳನ್ನು ಮೇಣದಲ್ಲಿ ಮಾಡಿ ಮನೆಯಲ್ಲಿಡುತ್ತಿದ್ದರು, ಅವಕ್ಕೂ ಅದೇ ಹೆಸರು. ಮನಸ್ಸಿನಲ್ಲಿ ಚಿತ್ರ ಮಾಡಿಕೊಳ್ಳು ಎನ್ನುವ ಕ್ರಿಯಾಪದ ಅಲ್ಲಿ ಹುಟ್ಟಿ, ಫ್ರೆಂಚರ ಮನೆ ಹೊಕ್ಕು ಇಂಗ್ಲಿಷಿಗೆ ಬಂತು. ನಕಲು ಮಾಡು ಎನ್ನುವ ಇಮಿಟೇಟ್ ಕೂಡ ಅದೇ ಬಳಗದ್ದು. ಹಿಂದೆ ಇಂಗ್ಲೆಂಡಿನಲ್ಲಿ ಇಮ್ಯಾಜಿನ್ ಶಬ್ದಕ್ಕೆ ಸಂಚು ಹೂಡು ಎಂಬ ಅರ್ಥವೂ ಇತ್ತು. ರಾಜನ ಸಾವನ್ನು ಇಮ್ಯಾಜಿನ್ ಮಾಡಿದರೆ ಮರಣದಂಡನೆ. ಈಗ, ಇಲ್ಲದ್ದನ್ನು ಇದೆ ಎಂದುಕೊಳ್ಳುವುದಕ್ಕೂ ಅದನ್ನೇ ಬಳಸುತ್ತಾರೆ.

"ಅದರ ಬೇರಿನ್ಯಾಗ ಹೊಸದು ಹುಟ್ಟಸೂದು ಇಲ್ಲರಿ. ಎಲ್ಲೋ ನೋಡಿದ್ದರ ನಕಲು ತಗಿಯೂದು," ಎಂದು ಅವರು ಮೊಬೈಲಿನ ಮೇಲೆ ಬೆರಳಿಟ್ಟರು. "ಎಡಗಡೆ ಹುಬ್ಬು ನಡಕ ಕಡದಂಗ ಐತಲ್ಲ, ಈ ಗಾಯ ಕೂಸು ಹೇಳಿತ್ತೇನು?"

"ಇಲ್ಲ."

"ಮತ್ತ ಯಾರದಿದು?"

ಯಾರದ್ದೂ ಅಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನೆನಪಿನೊಳಗೆ ಆ ಕಡಿದ ಹುಬ್ಬು ನನ್ನ ಮನೆಯ ಕಟ್ಟೆಯ ಮೇಲಿಂದ ತಲೆ ಎತ್ತಿ, "ಟೀಚರ್, ಒಂದೀಟು ನೀರು ಕೊಡ್ರಿ," ಎಂದಿತು. ಬೈಕಿಗೆ ಸ್ಪೀಕರ್ ಕಟ್ಟಿಕೊಂಡು ಊರೂರು ತಿರುಗುವ, ಗ್ಯಾಸ್ ಒಲೆ, ಕುಕ್ಕರ್ ರಿಪೇರಿ ಮಾಡುವವನು. ಕಳೆದ ಭಾನುವಾರ ನಮ್ಮ ಕುಕ್ಕರಿನ ಹಿಡಿ ಕೂರಿಸುತ್ತ ಅರ್ಧ ಗಂಟೆ ನನ್ನೆದುರು ಕೂತಿದ್ದ. ಮೂಗು, ಗಲ್ಲ, ಹುಬ್ಬು, ಎಲ್ಲ ಅವನದೇ. ಕೂದಲೆಳೆಯಷ್ಟೂ ತಪ್ಪಿಲ್ಲ.

ಅವನ ನಂಬರು ನನ್ನ ಮೊಬೈಲಿನಲ್ಲಿ 'ಕುಕ್ಕರ್' ಎಂದಿತ್ತು. ನಾಲ್ಕು ವರ್ಷದಿಂದ ಮನೆಗೆ ಬರುವವನ ಹೆಸರು ನನಗೆ ಗೊತ್ತಿರಲಿಲ್ಲ. ಫೋನ್ ಹಚ್ಚಿದೆ. ಹಿಂದೆ ಸ್ಪೀಕರಿನ ಕೂಗು ಕೇಳುತ್ತಿತ್ತು.

"ಹೇಳ್ರಿ ಟೀಚರ್, ಮತ್ತ ಸೀಟಿ ಹೊಡ್ಯಾಕ ಒಲ್ಲದೇನ್ರಿ ಕುಕ್ಕರು?"

"ಎಲ್ಲಿ ಅದೀರಿ? ಯಾವ ಊರಾಗ ಅದೀರಿ?"

"ಮಸಗುಪ್ಪ್ಯಾಗ ರಿ."

"ಈಗಿಂದೀಗ ಮನಿಗಿ ಹೋಗ್ರಿ. ಊರಾಗ ನಿಂದರಬ್ಯಾಡ್ರಿ. ಮಾರಿಗೆ ಟಾವೆಲ್ ಸುತ್ಕೋರಿ..."

"ಯಾಕ್ರಿ, ಏನಾತು?" ಎಂದು ಅವನು ನಕ್ಕ. ಆ ನಗು ಮುಗಿಯುವ ಮೊದಲೇ ಬಾಜೂದಿಂದ ಯಾರೋ, "ಏ, ಬೈಕ್ ಬಂದ್ ಮಾಡೋ, ಇತ್ತಾಗ ತಿರುಗು," ಎಂದರು. ಏನೋ ಧಡ್ ಎಂದಿತು. ಫೋನ್ ಸತ್ತಿತು.

ಫೌಜದಾರರಿಗೆ ಹೇಳಿದೆ. ಮೂಡಲಗಿಯಿಂದ ಜೀಪು ಕಳಿಸಲು ಹೇಳುತ್ತೇನೆಂದರು. ಕಾಯುವ ಧೈರ್ಯ ನನಗಿರಲಿಲ್ಲ. ಪ್ರಭು ಸರ್ ಆಗಲೇ ಬೈಕಿನ ಕೀಲಿ ತೆಗೆದುಕೊಂಡಿದ್ದರು. ನಾನು ಹಿಂದೆ ಹತ್ತಿ ಕೂತೆ. ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂದಾಗಲೆಲ್ಲ ನಾನು ಅವನ ತಲೆಗೆ ಬೀಳುತ್ತಿರುವ ಪೆಟ್ಟು ಎಣಿಸುತ್ತಿದ್ದೆ. ಕಣ್ಣು ಮುಚ್ಚಿದರೆ ಸಾಕು, ಅವನು ಸತ್ತು ಬಿದ್ದದ್ದು ಕಾಣುತ್ತಿತ್ತು, ನೊಣ ಕೂತದ್ದೂ ಸಹ. ನನ್ನ ತಲೆಯ ಮೇಲೇ ನನಗೆ ಹೇಸಿಗೆಯಾಯಿತು.

ಮಸಗುಪ್ಪಿಯ ಹಾಲಿನ ಡೇರಿಯ ಮುಂದೆ ಊರೇ ನೆರೆದಿತ್ತು. ಅವನನ್ನು ಕಂಬಕ್ಕೆ ಕಟ್ಟಿದ್ದರು. ಹಣೆಯಿಂದ ಇಳಿದ ರಕ್ತ ಕಡಿದ ಹುಬ್ಬಿನಲ್ಲಿ ನಿಂತಿತ್ತು. ಉಸಿರಾಡುತ್ತಿದ್ದ. ಮಹಾಂತೇಶ ಎಂದು ಎಲ್ಲರೂ ಕೂಗುತ್ತಿದ್ದ ದಪ್ಪ ಮೈಯ ಯುವಕ ಅವನ ಕೂದಲು ಹಿಡಿದು, ಮುಖದ ಬಾಜೂಕ್ಕೆ ಮೊಬೈಲ್ ಹಿಡಿದು ಎಲ್ಲರಿಗೂ ತೋರಿಸುತ್ತಿದ್ದ. ಒಬ್ಬ ಕಲ್ಲು ಹಿಡಿದು ನಿಂತಿದ್ದ. ಕೂಸಿರುವ ಹೆಂಗಸರ ಕಣ್ಣಲ್ಲೂ ಕರುಣೆ ಇರಲಿಲ್ಲ. ಅವರೂ ನನ್ನಷ್ಟೇ ಹೆದರಿದ್ದರು.

"ಬಿಡ್ರಿ ಅವರ್ನ! ಅದನ್ನ ಬರದಾಕಿ ನಾನು. ಅದು ಸುಳ್ಳು ಚಿತ್ರ!"

ಮಹಾಂತೇಶ ನನ್ನನ್ನು ನೋಡಿದ. "ನೀವ ಬರದೀರಿ? ಹಂಗಾರ ಛೊಲೋ ಆತು. ನೋಡಿ ಹೇಳ್ರಿ, ಇದ ಮಾರಿ ಹೌದೋ ಅಲ್ಲೋ?"

ಹೌದು ಎನ್ನದೆ ಗತಿಯಿರಲಿಲ್ಲ. ಅಷ್ಟು ಚೆನ್ನಾಗಿ ಬರೆದಿದ್ದೆ. "ಕೂಸು ಮೂರ ಮಾತು ಹೇಳಿತ್ತು, ಉಳಿದದ್ದು ನನ್ನ ತಲ್ಯಾಗಿಂದು," ಎಂದರೆ ಹಿಂದಿನಿಂದ ಯಾರೋ, "ಟೀಚರ್ ಅಂಜ್ಯಾರ," ಎಂದರು. ಕಲ್ಲು ಹಿಡಿದವನು ಒಂದು ಹೆಜ್ಜೆ ಮುಂದೆ ಬಂದ.

ಡೇರಿಯ ಗೋಡೆಗೆ ಹಾಲಿನ ದರ ಬರೆಯುವ ಕರಿಹಲಗೆ ಇತ್ತು. ದರ ಒರೆಸಿ, ಸುಣ್ಣದ ಕಡ್ಡಿ ತೆಗೆದುಕೊಂಡೆ. ಮೊದಲು ದಪ್ಪ ಮೀಸೆ. ದೊಡ್ಡ ಕಣ್ಣು. ಹೆಗಲ ಮೇಲೆ ಟಾವೆಲ್. ಆಮೇಲೆ ತಿರುಗಿ ತಿರುಗಿ ಮಹಾಂತೇಶನನ್ನು ನೋಡುತ್ತ ಅವನ ಮೂಗು, ಅವನ ದವಡೆ, ಅವನ ಗಲ್ಲದ ಮಚ್ಚೆ ಬರೆದೆ. ಮೂರು ನಿಮಿಷವೂ ಹಿಡಿಯಲಿಲ್ಲ. "ಇದೂ ಆ ಕೂಸು ಹೇಳಿದ್ದ ಐತಿ. ನೋಡ್ರಿ, ಯಾರಂತ!"

ಜನ ನಕ್ಕರು. ನನಗೆ ಜೀವ ಬಂದಂತಾಯಿತು. ಅಷ್ಟರಲ್ಲಿ ಒಬ್ಬ ಮುದುಕಿ ನಗದೆ, "ಅಯ್ಯ, ಇಂವಾ ಮೊನ್ನಿ ಹುಕ್ಕೇರಿಗಿ ಹೋಗಿದ್ನಲ್ಲ," ಎಂದಳು.

ನಗು ನಿಂತಿತು. ಯಾರೂ ಏನೂ ಮಾಡಲಿಲ್ಲ, ಸುಮ್ಮನೆ ಹಲಗೆ ನೋಡಿ ಅವನನ್ನು ನೋಡಿದರು. ಬದಿಯಲ್ಲಿದ್ದ ಹೆಂಗಸು ತನ್ನ ಮಗಳನ್ನು ಹತ್ತಿರ ಎಳೆದುಕೊಂಡಳು. ಅವನ ಸುತ್ತ ಜಾಗ ಖಾಲಿಯಾಯಿತು. "ಏ, ಮದುವಿ ಬಟ್ಟಿ ತರಾಕ ಹೋಗಿದ್ದೆನಬೇ," ಎಂದ ಮಹಾಂತೇಶನ ದನಿ ಒಡೆದಿತ್ತು. ಕಂಬಕ್ಕೆ ಕಟ್ಟಿದವನ ಕಣ್ಣಲ್ಲಿದ್ದ ಭಯವೇ ಈಗ ಇವನ ಕಣ್ಣಲ್ಲೂ ಇತ್ತು. ಎರಡು ದಿನದಲ್ಲಿ ಇಬ್ಬರು. ಸೆರಗಿನಿಂದ ಹಲಗೆ ಒರೆಸಿದೆ, ಒರೆಸಿದ ಮೇಲೂ ಒರೆಸುತ್ತಲೇ ಇದ್ದೆ.

ಹಗ್ಗ ಬಿಚ್ಚಿದವನು ಮಹಾಂತೇಶನೇ. ಬಿಚ್ಚುವಾಗ ಯಾರ ಮುಖವನ್ನೂ ನೋಡಲಿಲ್ಲ. ಜೀಪು ಬಂದಾಗ ಗುಂಪು ಅರ್ಧ ಕರಗಿತ್ತು, ಕಲ್ಲು ಹಿಡಿದವನು ಎಲ್ಲಿ ಹೋದನೋ ಕಾಣಲಿಲ್ಲ.

ಮೂಡಲಗಿಯ ದವಾಖಾನೆಗೆ ಹೋಗುವಾಗ ಜೀಪಿನಲ್ಲಿ ನಾನು ಅವನ ಪಕ್ಕ ಕೂತೆ. ಪೊಲೀಸರು ಹೆಸರು ಕೇಳಿ ಬರೆದುಕೊಂಡರು. ಕೇದಾರಿ, ನಾಗನೂರು. ನಾನು ಕ್ಷಮಿಸಿ ಎಂದೆ, ಕಣ್ಣೀರಿಟ್ಟೆ, ಚಿತ್ರ ಸುಳ್ಳೆಂದು ಎಲ್ಲರಿಗೂ ತಿಳಿಸುತ್ತೇನೆ ಎಂದೆ. ಅವನು ಹಣೆಯ ಮೇಲಿನ ಬಟ್ಟೆ ಮಗುಚಿ ಮತ್ತೆ ಒತ್ತಿಕೊಂಡ.

"ಕಳ್ಳನ ಬರಿ ಅಂದ್ರ ನನ್ನ ಮಾರೀನ ಯಾಕ ಬಂತ್ರಿ ಟೀಚರ್, ನಿಮ್ಮ ಕೈಯಾಗ?"

"ಮೊನ್ನಿ ಭಾನುವಾರ ಅಷ್ಟೊತ್ತು ಎದುರಿಗೆ ಕೂತಿದ್ರಿ. ನೋಡಿದ ಮಾರಿ, ಹಂಗ ಬಂದುಬಿಟ್ಟಿತು."

ಕೇದಾರಿ ತಲೆ ಎತ್ತಿ ನನ್ನನ್ನು ನೋಡಿದ. ಸಿಟ್ಟಿರಲಿಲ್ಲ, ತಿಳಿದುಕೊಳ್ಳುವ ಆಸೆಯಷ್ಟೇ ಇತ್ತು.

"ನಿಮ್ಮ ಯಜಮಾನ್ರ ಮಾರಿ ದಿನಾ ನೋಡ್ತೀರಲ್ರಿ. ಅದ್ಯಾಕ ಬರಲಿಲ್ಲ?"

ನನ್ನ ಹತ್ತಿರ ಉತ್ತರ ಇತ್ತು: ಯಜಮಾನರ ಮುಖಕ್ಕೆ ಹೆಸರಿತ್ತು, ಇವನದು ಇಂದಿನವರೆಗೆ ನನಗೆ ಬರೀ 'ಕುಕ್ಕರ್'. ಅದನ್ನು ಅವನಿಗೆ ಹೇಳುವ ಧೈರ್ಯ ಇರಲಿಲ್ಲ.