ರೊಪ್ಪದ ಮೇಲೆ ಬೀಸುವ ನೆರಳು

ಬೀರೂರು ದಾಟಿದರೆ ರೈಲು ಹಳಿ ಕವಲೊಡೆಯುತ್ತದೆ. ಒಂದು ತರೀಕೆರೆಗೆ, ಇನ್ನೊಂದು ಅಜ್ಜಂಪುರಕ್ಕೆ. ಕಡೂರಿನ ತನುಜಾಳ ಇಂಜಿನಿಯರಿಂಗ್ ಓದೂ ಅಲ್ಲಿಯೇ ಕವಲೊಡೆದಿತ್ತು. ವಾರದ ಮೊದಲರ್ಧ ತರೀಕೆರೆಯ ಕಾಲೇಜು. ಉಳಿದರ್ಧ ಅಜ್ಜಂಪುರದಾಚೆಯ ಬೋಳುಗುಡ್ಡದ ಮೇಲೆ, ಗಾಳಿಯಿಂದ ಕರೆಂಟು ತೆಗೆಯುವ ಯಂತ್ರಗಳ ಬುಡದಲ್ಲಿ ಅಪ್ರೆಂಟಿಸ್ ಕೆಲಸ. ದುಡಿಯುತ್ತಲೇ ಡಿಗ್ರಿ ಪಡೆಯುವ ಈ ಏರ್ಪಾಡಿನಲ್ಲಿ ಎರಡೂ ಕಡೆಯವರು ಅವಳನ್ನು ಇನ್ನೊಂದು ಕಡೆಯವಳೆಂದೇ ಎಣಿಸಿದ್ದರು. ಕಾಲೇಜಿನಲ್ಲಿ ‘ಫ್ಯಾನ್ ತನುಜಾ’, ಗುಡ್ಡದ ಮೇಲೆ ‘ಕಾಲೇಜ್ ಮೇಡಂ’. ಅವಳ ಬೀದಿಯಲ್ಲಿ ಮಾತ್ರ ಗೊಂದಲವಿರಲಿಲ್ಲ. ಮಗಳು ಫ್ಯಾನಿನ ಕೆಲಸ ಕಲಿಯುತ್ತಿದ್ದಾಳೆಂದು ತಾಯಿ ಸಾವಿತ್ರಮ್ಮ ಹೇಳಿಕೊಂಡ ಮೇಲೆ ನೆರೆಹೊರೆಯವರು ಕೆಟ್ಟ ಟೇಬಲ್ ಫ್ಯಾನುಗಳನ್ನು ತಂದು ಜಗಲಿಯ ಮೇಲಿಟ್ಟು ಹೋಗುತ್ತಿದ್ದರು.

ತನುಜಾ ರೈಲಿನಲ್ಲಿ ತೂಕಡಿಸುವಳು. ತೂಕಡಿಕೆಯಲ್ಲಿ ಎರಡು ಊರುಗಳೂ ಒಂದರೊಳಗೊಂದು ಕರಗಿಬಿಡುತ್ತಿದ್ದವು. ಕಪ್ಪು ಹಲಗೆಯ ಮೇಲೆ ಗಾಳಿ ಬೀಸುವುದು, ಗುಡ್ಡದ ಹುಲ್ಲಿನಲ್ಲಿ ಸಮೀಕರಣಗಳು ಮಲಗಿರುವುದು. ಒಮ್ಮೆ ದಿನವನ್ನೇ ಮರೆತು ತರೀಕೆರೆಯ ತರಗತಿಗೆ ಹೆಲ್ಮೆಟ್ ಹಾಕಿಕೊಂಡೇ ಹೋಗಿ ಕುಳಿತಿದ್ದಳು. ಮೇಷ್ಟ್ರು ಪಾಠ ನಿಲ್ಲಿಸಿ, ಇಲ್ಲಿ ತಲೆಯ ಮೇಲೆ ಬೀಳುವಂಥದ್ದೇನೂ ಇಲ್ಲ, ತಲೆಗೆ ಹೋಗಬೇಕಾದದ್ದು ಇದೆ, ತೆಗೀರಿ ಎಂದಿದ್ದರು.

ಕೊನೆಯ ವರ್ಷ ಪ್ರಾಜೆಕ್ಟ್ ಮಾಡಬೇಕು. ಕೆಲಸದ ಜಾಗದಲ್ಲಿರುವ ಒಂದು ಸಮಸ್ಯೆಗೆ ಪರಿಹಾರ ಕಂಡುಹಿಡಿಯಬೇಕು. ಪರೀಕ್ಷಕರು ಅಲ್ಲಿಗೇ ಬಂದು ನೋಡಿ ಒಪ್ಪಿದರೆ ಪದವಿ, ಒಪ್ಪದಿದ್ದರೆ ಇನ್ನೊಂದು ವರ್ಷ. ಜೊತೆಯವರು ಎಣ್ಣೆ ಸೋರುವುದು, ಬೇರಿಂಗ್ ಬಿಸಿಯಾಗುವುದು ಇಂಥ ಮರ್ಯಾದಸ್ಥ ಸಮಸ್ಯೆಗಳನ್ನು ಹಂಚಿಕೊಂಡರು. ತನುಜಾ ಆರಿಸಿಕೊಂಡದ್ದು ನೆರಳನ್ನು.

ಆ ನೆರಳು ಅವಳಿಗೆ ಮೊದಲು ಕಂಡದ್ದು ಮೇಲಿನಿಂದ. ಕಂಬದ ಒಳಗಿನ ಏಣಿ ಹತ್ತಿ ನೆತ್ತಿಯ ಬಾಗಿಲು ತೆರೆದು ತಲೆ ಹೊರಹಾಕಿದರೆ ಲೋಕ ನಿದ್ದೆಯಲ್ಲಿ ಮಗ್ಗುಲಾದ ಹಾಗಿರುತ್ತಿತ್ತು. ಪಶ್ಚಿಮಕ್ಕೆ ಕೆಮ್ಮಣ್ಣುಗುಂಡಿಯ ಕಡೆಯ ಬೆಟ್ಟಗಳು, ನೀಲಿಯೋ ಹೊಗೆಯೋ ಹೇಳಲಾಗದ ಹಾಗೆ. ಕೆಳಗೆ ಯಗಟಿಯ ಕಡೆಯಿಂದ ಸೊಸೆಯಾಗಿ ಬಂದ ಪಾಪಮ್ಮನ ಖುಷ್ಕಿ ಹೊಲ, ಅದರ ಮೂಲೆಯಲ್ಲಿ ಮುಳ್ಳುಬೇಲಿಯ ಕುರಿರೊಪ್ಪ. ಮಧ್ಯಾಹ್ನ ಮೇದು ದಣಿದ ಕುರಿಗಳು ಕಂಬದ ನೆರಳಿನಲ್ಲಿ ಸಾಲಾಗಿ ಮಲಗಿರುತ್ತಿದ್ದವು. ನೆರಳು ಸರಿದ ಹಾಗೆ, ಯಾರೂ ಹೇಳದೆ, ಸಾಲಿಗೆ ಸಾಲೇ ಸರಿಯುತ್ತಿತ್ತು. ಕೆಳಗಿನಿಂದ ಮೇಲ್ವಿಚಾರಕ ಇಂಜಿನಿಯರ್ ಹೊನ್ನೇಶ್ ವಾಕಿಟಾಕಿಯಲ್ಲಿ ಕೂಗಿದರೂ ಅವಳಿಗೆ ಕೇಳಿಸುತ್ತಿರಲಿಲ್ಲ.

ಸಂಜೆಯ ನೆರಳು ಬೇರೆಯದು. ಸೂರ್ಯ ಇಳಿದ ಹಾಗೆ ಕಂಬದ ನೆರಳು ಚಾಚಿಕೊಂಡು ರೊಪ್ಪ ಮುಟ್ಟುವುದು, ತುದಿಯಲ್ಲಿ ತಿರುಗುವ ರೆಕ್ಕೆಗಳ ಸಮೇತ. ಸರಿಯಾಗಿ ಅದೇ ಹೊತ್ತಿಗೆ ಮೇವಿನಿಂದ ಬಂದ ತಾಯಿಕುರಿಗಳು ಮೂಸಿ ಮೂಸಿ ತಮ್ಮ ಮರಿಗಳನ್ನು ಹುಡುಕಿಕೊಳ್ಳುವುವು. ಮರಿ ಮೊಲೆಗೆ ಬಾಯಿ ಹಾಕುವಷ್ಟರಲ್ಲಿ ನೆರಳಿನ ಚಾಟಿ ಬೆನ್ನ ಮೇಲೆ ಹಾಯುವುದು, ತಾಯಿ ಬೆಚ್ಚಿ ಜಿಗಿಯುವುದು, ಮರಿ ಗಾಳಿಯನ್ನು ಚೀಪುವುದು. ಮರಿಗಳು ಬಡವಾಗುತ್ತಿವೆಯೆಂದು ಪಾಪಮ್ಮ ಕಂಪನಿಯ ಆಫೀಸಿಗೆ ಬಂದು ದೂರಿದ್ದಳು. ನೆರಳಿಗೆ ತೂಕವಿಲ್ಲ, ಅದು ಯಾರಿಗೂ ಪೆಟ್ಟು ಮಾಡುವುದಿಲ್ಲ ಎಂದು ಆಫೀಸು ವೈಜ್ಞಾನಿಕವಾಗಿ ಉತ್ತರ ಕೊಟ್ಟಿತ್ತು.

ತನುಜಾ ತಿಂಗಳುಗಟ್ಟಲೆ ಸೂರ್ಯನ ದಾರಿ ಲೆಕ್ಕ ಹಾಕಿದಳು. ರೆಕ್ಕೆಯ ನೆರಳು ಯಾವ ದಿನ ಎಲ್ಲಿ, ಎಷ್ಟು ಹೊತ್ತು ಬೀಳುತ್ತದೆಂದು ನಕ್ಷೆ ಬರೆದಳು. ನೆರಳು ಮುಟ್ಟದ ಒಂದು ಜಾಗವೂ ಸಿಕ್ಕಿತು, ಹೊಲದ ಆಚೆ ತುದಿಯಲ್ಲಿ. ರೊಪ್ಪವನ್ನು ಅಲ್ಲಿಗೆ ಸರಿಸಬಹುದೆಂದು ಸಂತೋಷದಿಂದ ಹೋಗಿ ಪಾಪಮ್ಮನಿಗೆ ತೋರಿಸಿದಳು.

ಪಾಪಮ್ಮ ನಕ್ಷೆ ನೋಡಲಿಲ್ಲ, ಅವಳ ಮುಖ ನೋಡಿದಳು. “ನಮ್ಮತ್ತೆ ಕಾಲ್ದಿಂದ ರೊಪ್ಪ ಇಲ್ಲೇ ಐತೆ ಕಣವ್ವ. ನಿನ್ನೆ ಮೊನ್ನೆ ಬಂದಿದ್ದು ನಿನ್ ಫ್ಯಾನು. ಸರ್ಸೋದಾದ್ರೆ ಅದ್ನೇ ಸರ್ಸು.”

ಫ್ಯಾನು ಸರಿಯುವುದಿಲ್ಲ. ಉಳಿದದ್ದು ಒಂದೇ: ಚಳಿಗಾಲದ ಮರಿಹಾಕುವ ತಿಂಗಳುಗಳಲ್ಲಿ, ನೆರಳು ರೊಪ್ಪ ದಾಟುವ ತನಕ, ಆ ಒಂದು ಯಂತ್ರ ನಿಲ್ಲಬೇಕು. ತನುಜಾ ಹಾಗೆಯೇ ಬರೆದಳು. ಹೊನ್ನೇಶ್ ಓದಿ ತಲೆ ಕೆರೆದುಕೊಂಡ. ಹುಡುಗಿ ಒಳ್ಳೆಯವಳು, ಡಿಗ್ರಿ ಹೋಗುತ್ತದಲ್ಲ ಎಂಬ ಕಳವಳ ಅವನಿಗೆ. ಯಂತ್ರ ಓಡಿಸುವುದಕ್ಕೆ ಕಂಪನಿ ಸಂಬಳ ಕೊಡುತ್ತಿದೆ, ನಿಲ್ಲಿಸುವುದನ್ನೇ ಪ್ರಾಜೆಕ್ಟ್ ಮಾಡಿದರೆ ಪರೀಕ್ಷಕರು ಏನೆಂದಾರು, ಎಣ್ಣೆ ಸೋರುವುದು ಇನ್ನೂ ಒಂದು ಬಾಕಿಯಿದೆ ಎಂದೆಲ್ಲ ಹೇಳಿನೋಡಿದ. ತನುಜಾ ಹೂಂ ಎಂದಳು, ಬದಲಾಯಿಸಲಿಲ್ಲ.

ಸಂಕ್ರಾಂತಿ ಕಳೆದ ವಾರದಲ್ಲಿ ಪರೀಕ್ಷಕ ವಿಶ್ವನಾಥ್ ಬಂದರು. ಬೆಳಗ್ಗೆಯಿಂದ ಎಣ್ಣೆ, ಬೇರಿಂಗು ಕೇಳಿ ಕೇಳಿ ದಣಿದಿದ್ದರು. ತನುಜಾಳ ಸರದಿ ಬಂದಾಗ ಹೊತ್ತು ಇಳಿದಿತ್ತು. ಸಮಸ್ಯೆಯ ಜಾಗ ನೋಡಬೇಕು ತಾನೆ ಎಂದು ಹೊನ್ನೇಶ್ ರೊಪ್ಪದ ಪಕ್ಕದಲ್ಲೇ ಕುರ್ಚಿ, ಮೇಜು ಹಾಕಿಸಿದ. ಕುರ್ಚಿ ಕಂಡ ಕೂಡಲೆ ತನುಜಾ ಬಾಯಿ ತೆರೆದಳು. ಇನ್ನು ಸ್ವಲ್ಪ ಹೊತ್ತಿಗೆ ಅಲ್ಲಿ ಏನು ಬೀಳುತ್ತದೆಂದು ಆ ಗುಡ್ಡದಲ್ಲಿ ಲೆಕ್ಕದ ಸಮೇತ ಬಲ್ಲವಳು ಅವಳೊಬ್ಬಳೇ. ಹೇಳಬೇಕು, ಹೇಳುವುದು ಮರ್ಯಾದೆ. ಅವಳು ಬಾಯಿ ಮುಚ್ಚಿಕೊಂಡಳು.

ವಿಶ್ವನಾಥ್ ಕನ್ನಡಕ ಏರಿಸಿ ವರದಿ ತಿರುವಿದರು. “ಏನಮ್ಮಾ ಇದು, ಮಿಷಿನ್ ನಿಲ್ಲಿಸೋದಕ್ಕೆ ಇಂಜಿನಿಯರ್ ಯಾಕೆ ಬೇಕು? ಅದಕ್ಕೆ ಕರೆಂಟ್ ಹೋದ್ರೆ ಸಾಕಲ್ಲ.”

ಹೊನ್ನೇಶ್ ನೆಲ ನೋಡಿದ. ತನುಜಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು: ಇನ್ನೊಂದು ವರ್ಷ ಬೀರೂರಿನ ಕವಲು, ಇನ್ನೊಂದು ವರ್ಷ ಜಗಲಿಯ ಫ್ಯಾನುಗಳು. ವಿಶ್ವನಾಥ್ ಮುಂದಿನ ಹಾಳೆಗೆ ಹೋದರು.

ಹಾಳೆಯ ಮೇಲೆ ಕತ್ತಲು ಹಾಯಿತು, ಬೆಳಕಾಯಿತು, ಮತ್ತೆ ಹಾಯಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಕುರ್ಚಿಯನ್ನು ಆ ಕಡೆ ಎಳೆದುಕೊಂಡರು. ನೆರಳೂ ಅಲ್ಲಿಗೇ ಬಂತು. ಇತ್ತ ರೊಪ್ಪಕ್ಕೆ ಕುರಿಗಳು ನುಗ್ಗಿದ್ದವು. ತಾಯಿ ಜಿಗಿಯುವುದು, ಮರಿ ಅರಚುವುದು. ಪಾಪಮ್ಮ ಬೇಲಿಗೊರಗಿ ಎಲೆಅಡಿಕೆ ಮೆಲ್ಲುತ್ತ ಪರೀಕ್ಷಕರ ಅವಸ್ಥೆಯನ್ನು ನೋಡುತ್ತಿದ್ದಳು.

“ರೀ ಹೊನ್ನೇಶ್, ಸ್ವಲ್ಪ ನಿಲ್ಲಿಸ್ರೀ ಅದನ್ನ. ಕಣ್ಣಿಗೆ ಹೊಡೆದ ಹಾಗಾಗುತ್ತೆ, ಓದೋಕಾಗ್ತಿಲ್ಲ.”

ಹೊನ್ನೇಶ್ ಒಂದು ಗಳಿಗೆ ತನುಜಾಳತ್ತ ನೋಡಿ, ಕಂಬದ ಬುಡದ ಬಾಗಿಲೊಳಗೆ ಹೋದ.

ರೆಕ್ಕೆಗಳು ನಿಧಾನವಾಗಿ, ಏನೋ ಜ್ಞಾಪಿಸಿಕೊಂಡವರ ಹಾಗೆ, ತಿರುಗಿ ತಿರುಗಿ ನಿಂತವು. ಗುಡ್ಡದ ಮೇಲೆ ಮೌನ ಇಳಿಯಿತು. ಒಂದು ಕುರಿ ಮರಿಯನ್ನು ಮೂಸಿ ಅಲ್ಲಾಡದೆ ನಿಂತಿತು. ಆಮೇಲೆ ಇನ್ನೊಂದು. ರೊಪ್ಪದ ತುಂಬ ಹಾಲು ಹೀರುವ ಸದ್ದೊಂದೇ. ಸಣ್ಣ ಬಾಲಗಳು ಚಿನ್ನದ ಬೆಳಕಿನಲ್ಲಿ ಪಟಪಟನೆ ಅಲ್ಲಾಡುತ್ತಿದ್ದವು.

ವಿಶ್ವನಾಥ್ ಹಾಳೆಯಿಂದ ತಲೆಯೆತ್ತಿ ರೊಪ್ಪವನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮೊದಲ ಪುಟಕ್ಕೆ ಮರಳಿ, ಈ ಸಲ ನಿಜವಾಗಿಯೇ ಓದತೊಡಗಿದರು. ಒಂದೆರಡು ಕಡೆ ಪೆನ್ಸಿಲಿನಿಂದ ಗೆರೆಯೆಳೆದು ಕೋನದ ಲೆಕ್ಕ ಕೇಳಿದರು. ತನುಜಾಳ ನಾಲಿಗೆ ತಾನಾಗಿ ಹೊರಳಿತು.

“ಎಷ್ಟು ಹೊತ್ತು ನಿಲ್ಲಿಸಬೇಕು ಅಂತ ಬರೆದಿದ್ದೀಯಮ್ಮಾ?”

“ಮರಿ ಹಾಲು ಕುಡಿದು ಮುಗಿಸೋ ತನಕ ಸರ್. ಅಷ್ಟರಲ್ಲಿ ನೆರಳೂ ದಾಟಿರುತ್ತೆ.”

ಅವರು ಪೆನ್ನಿನ ಮುಚ್ಚಳ ತೆಗೆದು ಕೊನೆಯ ಪುಟದಲ್ಲಿ ಸಹಿ ಹಾಕಿದರು. ಬಾಗಿಲಿನಿಂದ ಇಣುಕಿದ ಹೊನ್ನೇಶ್, ಇನ್ನು ಚಾಲೂ ಮಾಡಲೇ ಎಂದು ಕೈಸನ್ನೆಯಲ್ಲಿ ಕೇಳಿದ. ವಿಶ್ವನಾಥ್ ರೊಪ್ಪದ ಕಡೆಯೇ ನೋಡುತ್ತ, ತಾಳಿ ಎಂಬಂತೆ ಅಂಗೈ ಎತ್ತಿದರು. ಒಂದು ಮರಿ ಇನ್ನೂ ಕುಡಿಯುತ್ತಿತ್ತು.