ಕೇಳಿದೊಡನೆ ಕೊಡಲಾಗುವುದು

"ಅಮ್ಮಾರೇ, ಈ ನೋಟು ಸಿಡ್ನಿಯಾಗೆ ನಡೀತೈತಾ?"

ಸೆರಗಿಗೆ ಚೆಲ್ಲಿದ್ದ ಸಾಂಬಾರನ್ನು ತೊಳೆದುಕೊಳ್ಳಲು ಅಡುಗೆಮನೆಗೆ ಬಂದಿದ್ದ ಅನುಸೂಯ ನಲ್ಲಿ ನಿಲ್ಲಿಸಿ ತಿರುಗಿದರು. ಅಡುಗೆಯ ಮರಿಯಪ್ಪ ಏಪ್ರನ್ನಿನ ಜೇಬಿನಿಂದ ಒಂದು ಕಂತೆ ತೆಗೆದು ಅಂಗೈಯಲ್ಲಿ ಹಿಡಿದಿದ್ದ. ಹಸಿರು ಅಂಚು, ನಡುವೆ ಗಣಿಯ ಚಕ್ರ, ಮೇಲೆ ಬಳುಕುವ ಅಕ್ಷರದಲ್ಲಿ 'ಡನ್‌ವಿಕ್ ಬ್ಯಾಂಕ್'. ನೋಡಿದೊಡನೆ ಅವರಿಗೆ ನಗು ಬಂತು.

"ಇದು ಆಟದ ನೋಟಲ್ವೇನಪ್ಪಾ? ಬಂದೋರಿಗೆ ನೆನಪಿಗೆ ಅಂತ ಕೊಡೋದು."

"ಆಟದ್ದೇ ಅಂತ ನಾನೂ ಅಂದ್ಕಂಡಿದ್ದೆ," ಎಂದ ಮರಿಯಪ್ಪ. ಅವನು ನಗಲಿಲ್ಲ. "ಸಂಬಳ ಅಕೌಂಟಿಗೆ ಪೂರಾ ಹಾಕ್ತಾರೆ. ಅರ್ಧ ತೆಗೆದು ಸಾಹೇಬ್ರಿಗೆ ವಾಪಸ್ ಕೊಡಬೇಕು. ಅದರ ಬದ್ಲಿಗೆ ಇದು. ಟಾರ್ನೀಟ್‌ನಾಗೆ ಅವರದೇ ಅಂಗಡೀಲಿ ಸಾಮಾನು ಕೊಡ್ತಾರೆ, ನೂರಕ್ಕೆ ಎಂಬತ್ತರ ಲೆಕ್ಕದಾಗೆ. ಚಳ್ಳಕೆರೆಗೆ ಅಕ್ಕಿ ಬ್ಯಾಳೆ ಕಳಿಸಾಕಾಗ್ತೈತಾ?"

ಅನುಸೂಯರ ನಗು ತುಟಿಯ ಮೇಲೆಯೇ ಒಣಗಿತು.

ಡನ್‌ವಿಕ್ ಮೆಲ್ಬರ್ನ್‌ನಿಂದ ಎರಡು ಗಂಟೆಯ ದಾರಿ. ಒಂದು ಕಾಲಕ್ಕೆ ಚಿನ್ನದ ಊರು, ಈಗ ಶನಿವಾರ ಭಾನುವಾರ ಕಾರುಗಳು ಬಂದು ನಿಲ್ಲುವ ಊರು. ಅಲ್ಲಿನ ಹಳೆಯ ಬ್ಯಾಂಕಿನ ಕಟ್ಟಡವನ್ನು ಕೊಂಡು ಹೋಟೆಲ್ ಮಾಡಿದವನು ಚಕ್ರಪಾಣಿ, ಅನುಸೂಯರ ತೀರಿಕೊಂಡ ಗಂಡ ಶಂಕರನಾರಾಯಣರ ತಮ್ಮ. ಅಂದು ಆ ಹೋಟೆಲಿನ ಉದ್ಘಾಟನೆಯ ಊಟ. ಮೆಲ್ಬರ್ನ್‌ನ ಅಂಚಿನ ಟಾರ್ನೀಟ್‌ನಲ್ಲೂ ಟ್ರುಗನಿನಾದಲ್ಲೂ ಅವನ ದಿನಸಿ ಅಂಗಡಿಗಳಿದ್ದವು. "ಅತ್ತಿಗೆ, ನೀವು ಯೂನಿವರ್ಸಿಟೀಲಿ ಎಕನಾಮಿಕ್ ಹಿಸ್ಟರಿ ಪಾಠ ಮಾಡಿದೋರು. ಈ ಬ್ಯಾಂಕ್ ಕಥೆ ನೀವೇ ಬರ್ಕೊಡಿ, ಗೋಡೆ ತುಂಬಾ ಹಾಕಿಸ್ತೀನಿ," ಎಂದು ಅವನು ಕೇಳಿದಾಗ ಸಿಡ್ನಿಯ ಕ್ವೇಕರ್ಸ್ ಹಿಲ್‌ನ ಮನೆಯಲ್ಲಿ ನಿವೃತ್ತಿಯ ದಿನಗಳನ್ನು ತಳ್ಳುತ್ತಿದ್ದ ಅವರಿಗೆ ಮತ್ತೆ ಜೀವ ಬಂದಂತಾಗಿತ್ತು. ಒಂದು ಇಡೀ ಚಳಿಗಾಲ ಲೈಬ್ರರಿಗಳಲ್ಲಿ ಕೂತು ಬರೆದಿದ್ದರು. ಗಣಿಯ ಮಾಲೀಕರೇ ತೆರೆದ ಬ್ಯಾಂಕು. ತಮ್ಮದೇ ನೋಟು ಅಚ್ಚು ಹಾಕಿ ಅದರಲ್ಲೇ ಕೂಲಿ ಕೊಟ್ಟರು. ಊರಾಚೆ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಊರೊಳಗೆ ಮುಟ್ಟುತ್ತಿದ್ದದ್ದು ಮಾಲೀಕನ ತಮ್ಮನ ಅಂಗಡಿಯೊಂದೇ, ಅದೂ ಕಾಲುಭಾಗ ಮುರಿದುಕೊಂಡು. ಆ ಭಾಗವನ್ನು ಅವರು ಸಿಟ್ಟಿನಿಂದಲೇ ಬರೆದಿದ್ದರು. ಗೋಡೆಯ ಮೇಲೆ ಮಾತ್ರ ಅದು ಇರಲಿಲ್ಲ. ಜಾಗ ಸಾಲದೆ ಬಿಟ್ಟಿರಬೇಕು ಎಂದುಕೊಂಡು ಬೆಳಿಗ್ಗೆ ಸುಮ್ಮನಾಗಿದ್ದರು.

"ನಾನು ಹೇಳ್ದೆ ಅನ್ನಬ್ಯಾಡ್ರಿ," ಮರಿಯಪ್ಪ ದನಿ ತಗ್ಗಿಸಿದ. "ವೀಸಾ ಅವರ ಕೈಯಾಗೈತೆ."

ಅನುಸೂಯ ಕೈಚೀಲ ತೆರೆದು ಒಳಗಿದ್ದ ನಿಜವಾದ ನೋಟುಗಳನ್ನೆಲ್ಲ ಅವನ ಕೈಗೆ ತುರುಕಿದರು. "ಇದನ್ನ ಊರಿಗೆ ಕಳಿಸು. ಆ ಕಂತೆ ನನಗೆ ಕೊಡು." ಅವನು ಹಿಂಜರಿದ, ಆಮೇಲೆ ಕೊಟ್ಟ. ಬೆವರಿಗೆ ಮೆತ್ತಗಾಗಿದ್ದ ಆ ಕಾಗದಕ್ಕೆ ಈರುಳ್ಳಿ ವಾಸನೆ ಹಿಡಿದಿತ್ತು.

ಕ್ಯಾಷ್ ಕೌಂಟರಿನ ಬಳಿ ಚಕ್ರಪಾಣಿ ಹೂವಿನ ಹಾರ ಸರಿಪಡಿಸುತ್ತಿದ್ದ. ಕೌಂಟರಿನ ಗಾಜಿನ ಕೆಳಗೂ ಅದೇ ನೋಟು ಇತ್ತು. ಅನುಸೂಯ ಅದರ ಮೇಲೆ ಬೆರಳಿಟ್ಟರು. "ಇದನ್ನ ಯಾಕೆ ಇಷ್ಟೊಂದು ಪ್ರಿಂಟ್ ಮಾಡಿಸಿದೆ, ಪಾಣಿ?"

ಅವನ ಮುಖ ಅರಳಿತು. "ಐಡಿಯಾ ನಿಮ್ದೇ ಅಲ್ವಾ ಅತ್ತಿಗೆ! ನೀವು ಬರೆದಿದ್ದನ್ನ ಎರಡೆರಡು ಸಲ ಓದಿದೆ. ಎಂಥಾ ಮಾಡೆಲ್ ಅಂತೀರಿ! ಕೊಟ್ಟ ದುಡ್ಡು ಆಚೆ ಹೋಗೋದೇ ಇಲ್ಲ, ಸುತ್ತಿ ಸುತ್ತಿ ನಮ್ಮ ಹತ್ರಾನೇ ಬರುತ್ತೆ. ಆ ಬಿಳಿಯರು ಬುದ್ಧಿವಂತರು ಬಿಡಿ."

ಹಾಗೆಂದು ಬಗ್ಗಿ, ಎಂದಿನಂತೆ, ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅನುಸೂಯ ಕಾಲನ್ನು ಹಿಂದಕ್ಕೆಳೆದುಕೊಂಡರು. ಪಾದದ ಮೇಲೆ ಒದ್ದೆಯ ಏನೋ ಹರಿದು ಹೋದಂತಾಯಿತು. ಅವನ ಮೇಲೆ ಬಂದ ಅಸಹ್ಯಕ್ಕಿಂತ, ತಮ್ಮ ವಾಕ್ಯಗಳು ಅವನ ಬಾಯಲ್ಲಿ ಹೊರಳಾಡಿದ ರೀತಿಗೆ ಹೆಚ್ಚು ಹೇಸಿಗೆಯಾಯಿತು. ಒಂದು ಇಡೀ ಚಳಿಗಾಲ ಇವನಿಗೆ ಪಾಠ ಹೇಳಿದೆನಲ್ಲ ಎನಿಸಿತು.

ಊಟ ಮುಗಿಯುತ್ತಿದ್ದಂತೆ ಚಕ್ರಪಾಣಿ ಮೈಕ್ ಹಿಡಿದ. ಕನ್ನಡದವರೇ ತುಂಬಿದ್ದ ಹಾಲ್. ಡಾಕ್ಟರುಗಳು, ಐಟಿಯವರು, ಬೇಸರದಿಂದ ಫೋನ್ ನೋಡುತ್ತಿದ್ದ ಅವರ ಮಕ್ಕಳು. "ಈಗ ನಮ್ಮ ಅತ್ತಿಗೆ ಎರಡು ಮಾತಾಡ್ತಾರೆ."

ಅನುಸೂಯ ಮೈಕ್ ತೆಗೆದುಕೊಳ್ಳಲಿಲ್ಲ. ಸೀದಾ ಕೌಂಟರಿಗೆ ನಡೆದು ಕಂತೆಯನ್ನು ಗಾಜಿನ ಮೇಲಿಟ್ಟರು. "ಇದಕ್ಕೆ ದುಡ್ಡು ಕೊಡು, ಪಾಣಿ."

ಹಾಲ್ ನಕ್ಕಿತು. ಚಕ್ರಪಾಣಿಯೂ ನಕ್ಕ. "ನೋಡಿ, ಮೊದಲನೇ ಕಸ್ಟಮರ್! ಫ್ಯಾಮಿಲಿಗೆ ಸ್ಪೆಷಲ್ ರೇಟ್. ನೂರಕ್ಕೆ ತೊಂಬತ್ತು."

ಮತ್ತೆ ನಗು, ಚಪ್ಪಾಳೆ. ಮುಂದಿನ ಸಾಲಿನ ಡಾಕ್ಟರೊಬ್ಬರು, "ಬಾರ್ಗೇನ್ ಮಾಡಿ ಆಂಟಿ," ಎಂದರು.

"ಪೂರ್ತಿ," ಎಂದರು ಅನುಸೂಯ. "ಹಿಡಿದು ತಂದವರು ಕೇಳಿದೊಡನೆ ಕೊಡಲಾಗುವುದು ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಕೆಳಗೆ ನಿನ್ನ ಸಹಿ ಇದೆ."

"ಅತ್ತಿಗೆ, ಜೋಕ್ ಸಾಕು." ಅವನು ಮೈಕ್ ಕೆಳಗಿಳಿಸಿದ. "ಯಾರು ಕೊಟ್ಟಿದ್ದು ಇದನ್ನ ನಿಮಗೆ?"

"ಹೆಸರು ಕೇಳೋ ಹಾಗಿಲ್ಲ. ಯಾರು ತಂದರೂ ಕೊಡಬೇಕು. ನಾನು ತಂದಿದೀನಿ."

"ಮನೇಲಿ ಮಾತಾಡೋಣ."

"ಸಂಬಳ ಮನೇಲಿ ಕೊಡಲ್ಲವಲ್ಲ ನೀನು."

ನಗು ಒಂದೊಂದೇ ಮೇಜಿನಿಂದ ಇಳಿಯುತ್ತ ಬಂದು ನಿಂತಿತು. ಬಾರ್ಗೇನ್ ಮಾಡಿ ಎಂದಿದ್ದ ಡಾಕ್ಟರು ಎಲೆಯ ಮೇಲಿನ ಹಪ್ಪಳವನ್ನು ಪುಡಿ ಮಾಡುತ್ತ ತಲೆ ತಗ್ಗಿಸಿದರು. ಅವರ ಹೆಂಡತಿ ಎದ್ದು ಬಂದು ಕಂತೆಯಿಂದ ಒಂದು ನೋಟನ್ನೆತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿ ಮತ್ತೆ ಇಟ್ಟರು. ಚಕ್ರಪಾಣಿಯ ಕುತ್ತಿಗೆ ಕೆಂಪಾಯಿತು. ಕೊನೆಗೆ ಗಲ್ಲಾಪೆಟ್ಟಿಗೆಯನ್ನು ಕಿತ್ತುಹೋಗುವಂತೆ ಎಳೆದು, ಡಾಲರುಗಳನ್ನು ಎಣಿಸಿ ಅತ್ತಿಗೆಯ ಕಡೆ ತಳ್ಳಿದ. "ಸಮಾಧಾನ ಆಯ್ತಾ?"

ಆಗಿರಲಿಲ್ಲ. ಆ ದುಡ್ಡನ್ನು ಮುಟ್ಟಲೂ ಮನಸ್ಸಾಗದೆ ಅವರು ಹಾಗೇ ನಿಂತರು.

ಹಿಂದಿನಿಂದ ಅಡುಗೆಮನೆಯ ಬಾಗಿಲು ತೆರೆದ ಸದ್ದಾಯಿತು. ಪಾತ್ರೆ ತೊಳೆಯುವ ನೇಪಾಳಿ ಹೆಂಗಸು ಸೊಂಟಕ್ಕೆ ಕೈ ಒರೆಸಿಕೊಳ್ಳುತ್ತ ಮೇಜುಗಳ ನಡುವೆ ನಡೆದು ಬಂದಳು. ಅನುಸೂಯರ ಬೆನ್ನ ಹಿಂದೆ ಬಂದು ನಿಂತು, ಸರದಿಗೆ ಕಾಯುವವಳಂತೆ ಕಾದಳು. ಅವಳ ಹಿಂದೆ ಇನ್ನಿಬ್ಬರು ಬಾಗಿಲಿಗೆ ಬಂದರು.

ಅನುಸೂಯ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಆಕೆ ರವಿಕೆಯೊಳಗಿಂದ ಹಸಿರು ನೋಟುಗಳನ್ನು ತೆಗೆದಳು. ನೀರು ತಾಗಿ ಅವು ಒಂದಕ್ಕೊಂದು ಅಂಟಿಕೊಂಡಿದ್ದವು. ಗಾಜಿನ ಮೇಲಿಟ್ಟು, ಹರಿಯದಂತೆ, ಉಗುರಿನ ತುದಿಯಿಂದ ಒಂದೊಂದಾಗಿ ಬಿಡಿಸತೊಡಗಿದಳು.