ಹನಾನಳ ರಕ್ತದಲ್ಲಿ ಅರ್ಶದನ ಕಾವಲು

ಕೊಟ್ಟಾರದ ಅಲೀಮಮ್ಮನ ಮಗಳು ಹನಾನ್‌ಗೆ ರಕ್ತದ ಕ್ಯಾನ್ಸರ್. ಔಷಧಿಗೆ ಕಾಯಿಲೆ ತಗ್ಗಿತ್ತು, ಬೇರುಸಹಿತ ಹೋಗಿರಲಿಲ್ಲ. ಹೊಸ ರಕ್ತ ಹುಟ್ಟಿಸುವ ಕಣಗಳನ್ನು ಬೇರೊಬ್ಬರ ರಕ್ತದಿಂದ ತೆಗೆದು ಬೇಗ ಕೊಡದಿದ್ದರೆ ಕಾಯಿಲೆ ಮರಳುತ್ತದೆ, ಆಮೇಲೆ ಉಳಿಸುವುದು ಕಷ್ಟ ಎಂದಿದ್ದರು ಡಾಕ್ಟರು. ಅಣ್ಣ ಮುಝಮ್ಮಿಲ್‌ನದು ಹೊಂದಲಿಲ್ಲ. ಹೊಂದಿದ್ದು ಅಲೀಮಮ್ಮನ ತಮ್ಮನ ಮಗ ಅರ್ಶದನದು. ಹನಾನಳ ಮದುವೆ ನಿಶ್ಚಯವಾಗಿದ್ದೂ ಅವನ ಜೊತೆಗೇ.

ಮನೆಯವರೆಲ್ಲ ಹಿಗ್ಗಿದರೆ ಅಲೀಮಮ್ಮ ಮಾತ್ರ ಮುಖ ಸಪ್ಪಗೆ ಮಾಡಿಕೊಂಡು, "ಸ್ವಲ್ಪ ದಿನ ಹೋಗಲಿ" ಎಂದು ಹತ್ತು ದಿನ ತಳ್ಳಿದಳು. ಕೊನೆಗೆ ಪಕ್ಕದ ಮನೆಯ ನರ್ಸ್ ಅಕ್ಷಿತಾಳ ಮುಂದೆ ಬಾಯಿಬಿಟ್ಟಳು.

"ಒಬ್ಬಳ ಎದೆಹಾಲು ಕುಡಿದ ಮಕ್ಕಳು ನಮ್ಮಲ್ಲಿ ಅಣ್ಣ ತಂಗಿ. ಮದುವೆ ಆಗುವ ಹಾಗಿಲ್ಲ. ಇನ್ನು ಅವನ ರಕ್ತವೇ ಇವಳ ಮೈಗೆ ಹೋದ್ರೆ? ಎಂತ ಮಾಡುದು ಮಾರಾಯ್ತಿ?"

ಅಕ್ಷಿತಾ ನಗಲಿಲ್ಲ. "ಅದು ನನಗೆ ಗೊತ್ತಿಲ್ಲ ಅಲೀಮಕ್ಕ. ಮಸೀದಿಯ ಉಸ್ತಾದರ ಹತ್ರ ಕೇಳುವ."

ಒಳಗಿನಿಂದ ಇದನ್ನು ಕೇಳಿಸಿಕೊಂಡ ಮುಝಮ್ಮಿಲ್ ಕೂಡಲೇ ಫೋನ್ ಹಚ್ಚಿ ಸ್ಪೀಕರ್‌ನಲ್ಲಿಟ್ಟ. "ಹಾಲಿನ ಮಾತು ಹಸುಗೂಸಿಗೆ ಮಾತ್ರ. ರಕ್ತ ಕೊಟ್ರೆ ಸಂಬಂಧ ಬದಲಾಗುದಿಲ್ಲ. ಇಷ್ಟು ದಿನ ಯಾಕೆ ಕೇಳಲಿಲ್ಲ?" ಎಂದು ಉಸ್ತಾದರು ಗದರಿದರು. ವ್ಯರ್ಥವಾದ ಹತ್ತು ದಿನ ನೆನೆದು ಅಲೀಮಮ್ಮನಿಗೆ ಅಳು ಬಂತು.

"ಆದ್ರೆ ಇವಳ ರಕ್ತದಿಂದ ಆಗದ್ದು ಅವನದ್ರಿಂದ ಹೇಗೆ ಆಗ್ತದೆ?" ಎಂದು ಅಕ್ಷಿತಾಳನ್ನು ಕೇಳಿದಳು.

"ರಕ್ತದಲ್ಲಿ ಕಾವಲು ಕಾಯುವ ಕಣಗಳು ಉಂಟು. ಕ್ಯಾನ್ಸರ್ ಹನಾನಳ ಮೈಯಲ್ಲೇ ಹುಟ್ಟಿದ್ದಲ್ವಾ, ಅವಳ ಕಾವಲಿನವರು ನಮ್ಮದೇ ಅಂತ ಬಿಟ್ಟುಬಿಡ್ತಾರೆ. ಅರ್ಶದನ ಕಾವಲಿನವರು ಹೊಸಬರು. ಅಡಗಿ ಕೂತದ್ದನ್ನು ಹುಡುಕಿ ಕೊಲ್ತಾರೆ. ಕೆಲವು ಸಲ ಅವಳ ಚರ್ಮ, ಕರುಳಿಗೂ ಪೆಟ್ಟು ಕೊಡುದುಂಟು. ಅದಕ್ಕೇ ಡಾಕ್ಟರು ತಿಂಗಳುಗಟ್ಟಲೆ ನೋಡ್ಕೊಳ್ಳುದು."

"ಅರ್ಶದನಿಗೆ?"

"ನಾಲ್ಕೈದು ದಿನ ಇಂಜೆಕ್ಷನ್, ಸ್ವಲ್ಪ ಮೈಕೈ ನೋವು. ಮತ್ತೆ ಕೆಲವು ಗಂಟೆ ಕೈಯಿಂದ ರಕ್ತ ತೆಗೆದ ಹಾಗೆ. ಹೋದದ್ದು ಪುನಃ ತುಂಬ್ತದೆ."

ಆ ದಿನ ಬಂತು. ಹನಾನಳ ಹಳೆಯ ರಕ್ತಕಣಗಳನ್ನು ಔಷಧಿ ಕೊಟ್ಟು ಮೊದಲೇ ಖಾಲಿ ಮಾಡಿದ್ದರು. ಮೇಲೆ ತೂಗುತ್ತಿದ್ದದ್ದು ಅರ್ಶದನ ಕಣಗಳ ಒಂದೇ ಒಂದು ಚೀಲ, ಎರಡು ಲೋಟ ಚಹಾದಷ್ಟೂ ಇಲ್ಲ. ಮಗಳ ಜೀವ ಇಷ್ಟರಲ್ಲಿ ಉಂಟೇ ಎಂದು ಅಲೀಮಮ್ಮ ಹನಿ ಹನಿಯನ್ನೂ ನೋಡುತ್ತ ನಿಂತಳು.

ಆಮೇಲೆ ಹನಾನಳ ಮೈಮೇಲೆ ಗುಳ್ಳೆ ಎದ್ದವು, ಜ್ವರ ಬಂತು, ಇಳಿಯಿತು. ಆರು ತಿಂಗಳ ನಂತರದ ಪರೀಕ್ಷೆಯಲ್ಲಿ ಕ್ಯಾನ್ಸರ್ ಎಲ್ಲಿಯೂ ಕಾಣಲಿಲ್ಲ. ಹನಾನಳ ರಕ್ತದ ಗುಂಪು ಕೂಡ ಬದಲಾಗಿ ಅರ್ಶದನದೇ ಆಗಿತ್ತು! ಅಲೀಮಮ್ಮ ಮಗಳ ಮಣಿಕಟ್ಟು ಹಿಡಿದು, "ಸುಬ್‌ಹಾನಲ್ಲಾಹ್" ಎಂದು ಬಹಳ ಹೊತ್ತು ನಾಡಿ ಮುಟ್ಟಿ ನೋಡಿದಳು.

"ಮಾಮಿ, ಮದುವೆಗೆ ಮೊದಲೇ ನನ್ನ ಕಡೆಯವರೆಲ್ಲ ಬಂದು ಕೆಲಸ ಶುರು ಮಾಡಿದ್ದಾರೆ ನೋಡಿ" ಎಂದ ಅರ್ಶದ್.

ಚಿಕಿತ್ಸೆ ಎಲ್ಲರಿಗೂ ಒಂದೇ ರೀತಿ ಫಲಿಸುವುದಿಲ್ಲ, ನಿಜ. ಆದರೆ ಹೊಂದುವ ದಾನಿಯೇ ಸಿಗದೆ ಕಾಯುತ್ತಿರುವವರು ಎಷ್ಟೋ ಮಂದಿ. ನೀವು ಹದಿನೆಂಟು ದಾಟಿದ ಆರೋಗ್ಯವಂತರೇ? ಕೆನ್ನೆಯ ಒಳಗೊಮ್ಮೆ ಹತ್ತಿಯ ಕಡ್ಡಿ ಆಡಿಸಿ ಕೊಟ್ಟು ದಾನಿಗಳ ಪಟ್ಟಿಗೆ ಹೆಸರು ಸೇರಿಸಿ. ಮನಸ್ಸಿನಲ್ಲಿ ಸಂಶಯವಿದ್ದರೆ ತಿಳಿದವರನ್ನು ಇಂದೇ ಕೇಳಿ. ನಿಮಗಾಗಿ ಕಾಯುತ್ತಿರುವವರ ಹತ್ತಿರ ಹತ್ತು ದಿನ ಇರಲಿಕ್ಕಿಲ್ಲ.